ಫೆಬ್ರವರಿಯಲ್ಲಿ ಗೋಡೆಗೆ ಅಂಟಿಸುವ ಹಾಳೆ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಗೋಡೌನಿನಲ್ಲೋ ಫ್ಯಾಕ್ಟರಿಯಲ್ಲೋ ದುಡಿಯುವ ಕನ್ನಡಿಗರಿಗೆ, ಅಲ್ಲೇ ಸ್ವಂತ ಉದ್ಯೋಗ ನಡೆಸುವವರಿಗೆ ಇವತ್ತು ನಾಲ್ಕು ಮಾತು ಹೇಳಬೇಕು. ಪ್ರತಿ ವರ್ಷ ಫೆಬ್ರವರಿ 1ರಿಂದ ಏಪ್ರಿಲ್ 30ರವರೆಗೆ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಇರಬೇಕು. 300ಎ ಅಂತ ಅದರ ಹೆಸರು. ಹಿಂದಿನ ವರ್ಷ ಇಲ್ಲಿ ಎಷ್ಟು ಜನರಿಗೆ ಪೆಟ್ಟಾಯಿತು, ಅದರಿಂದ ಎಷ್ಟು ದಿನ ಕೆಲಸ ತಪ್ಪಿತು ಅನ್ನುವ ಲೆಕ್ಕ ಅದರಲ್ಲಿರುತ್ತದೆ. ಯಾರ ಹೆಸರೂ ಇರುವುದಿಲ್ಲ. ಯಾರಿಗೂ ಏನೂ ಆಗಿಲ್ಲ ಅಂದರೂ ಸೊನ್ನೆ ಬರೆದು, ಕಂಪನಿಯ ದೊಡ್ಡ ಅಧಿಕಾರಿ ಸಹಿ ಹಾಕಿ, ಅಂಟಿಸಲೇಬೇಕು.

ಆ ಲೆಕ್ಕ ಬರುವುದು ವರ್ಷದ ಗಾಯಗಳನ್ನು ಸಾಲುಸಾಲಾಗಿ ಬರೆದಿಡುವ 300 ಅನ್ನುವ ದಾಖಲೆಯ ಫಾರಂನಿಂದ. ಒಂದು ಪ್ಯಾಕಿಂಗ್ ಗೋಡೌನಿನಲ್ಲಿ ಅದನ್ನು ಬರೆಯುವ ಕೆಲಸ ನನ್ನದಾಗಿತ್ತು. ಒಂದು ದಿನ ನಮ್ಮ ಕಡೆಯ ಹುಡುಗನೊಬ್ಬ ಅಂಗೈಗೆ ಹೊಲಿಗೆ ಹಾಕಿಸಿಕೊಂಡು ಬಂದ. "ಅಣ್ಣಾ, ಬರೀಬೇಡಿ, ನನ್ನ ಕೆಲಸಕ್ಕೆ ತೊಂದ್ರೆ ಆಗುತ್ತೆ" ಅಂದ. ಅವನಿಗೆ ಆ ಫಾರಂ ತೋರಿಸಿದೆ. ಗಾಯ ಬರೆದ ಮಾತ್ರಕ್ಕೆ ಕೆಲಸಗಾರನದೋ ಮಾಲೀಕನದೋ ತಪ್ಪು ಅಂತ ಅರ್ಥ ಅಲ್ಲ. ಗಾಯ ಹೇಳಿಕೊಂಡವನನ್ನು ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವ ಹಾಗೂ ಇಲ್ಲ.

ಬರೆಯಲು ಕೂತಾಗ 'ಎಲ್ಲಿ ಆಯಿತು' ಅನ್ನುವ ಕಾಲಂ ಮೇಲೆ ಕಣ್ಣು ಹೋಯಿತು. ಆ ವರ್ಷದ ಮೂರು ಸಾಲು, ಮೂರು ಬೇರೆ ಬೇರೆ ಹೆಸರು, ಜಾಗ ಮಾತ್ರ ಒಂದೇ: ಪ್ಲಾಸ್ಟಿಕ್ ಪಟ್ಟಿ ಕತ್ತರಿಸುವ ಮೇಜು. ಹೋಗಿ ನೋಡಿದರೆ ಅಲ್ಲಿ ಎಲ್ಲರೂ ತೆರೆದ ಬ್ಲೇಡಿನ ಚಾಕು ಹಿಡಿದು ತಮ್ಮ ಕಡೆಗೇ ಎಳೆದು ಕತ್ತರಿಸುತ್ತಿದ್ದರು. ಬ್ಲೇಡ್ ಒಳಗೆ ಮುಚ್ಚಿರುವ ಕಟ್ಟರ್ ತರಿಸಿದೆವು. ಆ ಹುಡುಗ ಅವತ್ತು ಮುಚ್ಚಿಟ್ಟಿದ್ದರೆ ನಮಗೆ ಆ ಮೇಜು ಕಾಣುತ್ತಲೇ ಇರಲಿಲ್ಲ.

ಯಾವುದನ್ನು ಬರೆಯಬೇಕು ಅನ್ನುವ ಗೊಂದಲ ಜಾಸ್ತಿ. ಸುಮ್ನೆ ಗಾಯ ತೊಳೆದು ಬ್ಯಾಂಡೇಜ್ ಸುತ್ತಿದರೆ ಅದು ಪ್ರಥಮ ಚಿಕಿತ್ಸೆ, ಬರೆಯಬೇಕಾಗಿಲ್ಲ. ಟೆಟನಸ್ ಇಂಜೆಕ್ಷನ್ನೂ ಹಾಗೇ. ಹೊಲಿಗೆ ಬಿತ್ತೋ, ಮಾರನೆ ದಿನ ಕೆಲಸಕ್ಕೆ ಬರಲಾಗಲಿಲ್ಲವೋ, ಏಳು ದಿನದೊಳಗೆ ಬರೆಯಬೇಕು. ಹತ್ತು ಜನರಿಗಿಂತ ಹೆಚ್ಚಿಲ್ಲದ ಕಂಪನಿಗೆ, ಅಪಾಯ ಕಡಿಮೆ ಇರುವ ಕೆಲವು ಉದ್ಯೋಗಗಳಿಗೆ ಸಾಮಾನ್ಯವಾಗಿ ಈ ದಾಖಲೆಯಿಂದ ವಿನಾಯಿತಿ ಇದೆ. ಆದರೆ ಕೆಲಸದಲ್ಲಿ ಯಾರಾದರೂ ಸತ್ತರೆ ಎಂಟು ಗಂಟೆಯೊಳಗೆ ಸರ್ಕಾರದ ಸುರಕ್ಷತಾ ಇಲಾಖೆ ಓಶಾಗೆ ತಿಳಿಸಬೇಕು. ಆಸ್ಪತ್ರೆಗೆ ಸೇರಿಸಿದರೆ, ಬೆರಳೋ ಕೈಯೋ ತುಂಡಾದರೆ, ಕಣ್ಣು ಹೋದರೆ ಇಪ್ಪತ್ತನಾಲ್ಕು ಗಂಟೆಯೊಳಗೆ. ಇದರಲ್ಲಿ ಚಿಕ್ಕ ಅಂಗಡಿಗೂ ವಿನಾಯಿತಿ ಇಲ್ಲ. ಕೆಲಸಗಾರರ ಹಕ್ಕು ಹೇಳುವ ಓಶಾ ಪೋಸ್ಟರನ್ನು ವರ್ಷವಿಡೀ ಹಾಕಿರಬೇಕು. ಅದು ಪುಕ್ಕಟೆ ಸಿಗುತ್ತದೆ, ಯಾರಾದರೂ ದುಡ್ಡಿಗೆ ಮಾರಲು ಬಂದರೆ ಕೊಳ್ಳಬೇಡಿ.

ಏಪ್ರಿಲ್ ಮುಗಿದ ಮೇಲೆ ಹಾಳೆ ತೆಗೆಯಬಹುದು, ಎಸೆಯುವಂತಿಲ್ಲ. ಐದು ವರ್ಷ ಇಟ್ಟಿರಬೇಕು. ಕೆಲಸಗಾರರು 300ರ ಪ್ರತಿ ಕೇಳಿದರೆ, ಮುಂದಿನ ಕೆಲಸದ ದಿನ ಮುಗಿಯುವುದರೊಳಗೆ ಮಾಲೀಕರು ಕೊಡಬೇಕು. ನಾಳೆ ಹೋದಾಗ ಬೋರ್ಡ್ ನೋಡಿ. 'ಎಲ್ಲಿ ಆಯಿತು' ಅನ್ನುವ ಕಾಲಂ ಅಲ್ಲಿ ಸಿಗುವುದಿಲ್ಲ, ಅದಕ್ಕೆ 300ನ್ನೇ ಕೇಳಬೇಕು. ಕೇಳಿ ತೆಗೆದುಕೊಂಡು ಓದಿ.

ನಮಸ್ಕಾರ.