ಮೊನ್ನೆಯ ಬ್ರೆಡ್ಡು, ಹಿತ್ತಲ ಕಿತ್ತಳೆ

ಡಿಸೆಂಬರ್ ತಿಂಗಳು, ಬೆಳಗ್ಗೆ ಏಳು ಗಂಟೆ. ಸೋಮವಾರಪೇಟೆ ಹತ್ತಿರದ ನಮ್ಮನೆ ಇದು. ಮಂಜು ಇನ್ನೂ ಬಿಟ್ಟಿಲ್ಲ. ಕಣದಲ್ಲಿ ಕಾಫಿ ಮೇಲೆ ಹೊದಿಸಿದ ಟಾರ್ಪಾಲ್ ನೋಡಿ, ತೊಟತೊಟ ಅಂತಿದೆ. ಕಾಫಿ ಕುಯ್ಲಿಗೆ ಹೊರಡೋ ಮುಂಚೆ ಬೇಗ ಒಂದು ತಿಂಡಿ ಆಗ್ಬೇಕು.

ಈ ಬ್ರೆಡ್ಡು ಮೊನ್ನೆ ತಂದಿದ್ದು, ಒಣಗಿದೆ. ಫ್ರೆಂಚ್ ಟೋಸ್ಟಿಗೆ, ಅಂದ್ರೆ ಮೊಟ್ಟೆ-ಹಾಲಲ್ಲಿ ಅದ್ದಿ ಕಾವಲಿ ಮೇಲೆ ಬೇಯಿಸೋ ಬ್ರೆಡ್ಡಿಗೆ, ಬೇಕಾದ್ದೇ ಇಂಥದ್ದು. ಫ್ರಾನ್ಸಿನಲ್ಲಿ ಈ ತಿಂಡಿ ಹೆಸರು ‘ಪ್ಯಾಂ ಪೆರ್ದ್ಯು’, ಅಂದ್ರೆ ಕೈತಪ್ಪಿ ಹೋದ ಬ್ರೆಡ್ಡು. ಹೊಸ ಬ್ರೆಡ್ಡು ಹಾಲಿಗೆ ಬಿದ್ದ ತಕ್ಷಣ ಕಲಸಿ ಹೋಗತ್ತೆ. ಹಳೇದು ಹಾಲು ಚೆನ್ನಾಗಿ ಕುಡಿದೂ ಹರಿಯಲ್ಲ.

ನಾಲ್ಕು ಸ್ಲೈಸಿಗೆ ಎರಡು ಮೊಟ್ಟೆ, ಅರ್ಧ ಲೋಟ ಹಾಲು, ಒಂದು ಚಮಚ ಸಕ್ಕರೆ, ಚಿಟಿಕೆ ಉಪ್ಪು. ಚಕ್ಕೆಪುಡಿ ಹಾಕೋರು ಜಾಸ್ತಿ, ನಾನು ನಮ್ಮ ತೋಟದ್ದೇ ಎರಡು ಏಲಕ್ಕಿ ಕುಟ್ಟಿ ಹಾಕ್ತೀನಿ.

ಈಗ ಕಿತ್ತಳೆ. ಅಮ್ಮ ಎಣಿಸಿ ನಾಲ್ಕೇ ಕೊಟ್ಟಿದಾರೆ. ತಾತನ ಕಾಲದಲ್ಲಿ ಕಾಫಿ ಗಿಡಗಳ ನಡುವೆ ಬುಟ್ಟಿಗಟ್ಟಲೆ ಸಿಗ್ತಿತ್ತಂತೆ. ಗ್ರೀನಿಂಗ್ ರೋಗ ಬಂದು ಮರಗಳು ಒಂದೊಂದೇ ಒಣಗಿದ್ವು. 2006ರಲ್ಲಿ ಕೊಡಗಿನ ಕಿತ್ತಳೆಗೆ ಜಿಐ ಟ್ಯಾಗ್, ಅಂದ್ರೆ ಇದು ಈ ಊರಿನದ್ದೇ ವಿಶೇಷ ಬೆಳೆ ಅನ್ನೋ ಅಧಿಕೃತ ಗುರುತು, ಸಿಕ್ಕಾಗ ಮನೇಲಿ ಎಲ್ಲರಿಗೂ ಖುಷಿ ಆಗಿತ್ತು. ಇವತ್ತು ನಮ್ಮಲ್ಲಿ ಉಳಿದಿರೋದು ಮೂರೇ ಮರ, ಅದೂ ಹಿತ್ತಲಲ್ಲಿ. ಅವನ್ನ ಹೇಗಾದ್ರೂ ಉಳಿಸ್ಕೋಬೇಕು ಅಂತ ನನಗೆ ತುಂಬಾ ಆಸೆ.

ಹತ್ತಿರದಿಂದ ನೋಡಿ. ಹೊರಗೆ ಹಸಿರು ಮಿಶ್ರಿತ ಹಳದಿ. ತೊಟ್ಟಿನ ಹತ್ರ ಹೆಬ್ಬೆರಳು ಒತ್ತಿದ್ರೆ ಸಾಕು, ಸಿಪ್ಪೆ ಸಡಿಲ, ಇಡೀ ಒಂದೇ ಸುತ್ತಿಗೆ ಬಿಚ್ಚಿಕೊಳ್ಳತ್ತೆ. ಕಿಟಕಿ ಬೆಳಕಲ್ಲಿ ಸಿಪ್ಪೆಯ ಎಣ್ಣೆ ಚಿಮ್ಮೋದು ಕಾಣ್ತಾ? ಅಡುಗೆಮನೆ ತುಂಬಾ ಅದೇ ಘಮ. ತೊಳೆಗಳ ಬಿಳಿ ಪೊರೆ, ಬೀಜ ತೆಗೀತೀನಿ. ಇದನ್ನ ಬಾಣಲೆಗೆ ಹಾಕಬೇಡಿ, ಬಿಸಿಗೆ ರಸ ಬಿಟ್ಟು ಸಪ್ಪೆ ಆಗತ್ತೆ.

ಕಾವಲಿಗೆ ಬೆಣ್ಣೆ, ಒಂದು ತೊಟ್ಟು ಎಣ್ಣೆ. ಉರಿ ಸಣ್ಣಗೇ ಇರಲಿ. ಜೋರು ಮಾಡಿದ್ರೆ ಮೇಲೆ ಕಪ್ಪಾಗಿ ಒಳಗೆ ಮೊಟ್ಟೆ ಹಸಿ ಉಳಿಯತ್ತೆ. ಒಂದೊಂದು ಬದಿ ಎರಡರಿಂದ ಮೂರು ನಿಮಿಷ. ಅದೇ ಬೆಣ್ಣೇಲಿ ಬಾಳೆಹಣ್ಣಿನ ಬಿಲ್ಲೆಗಳನ್ನ ಸ್ವಲ್ಪ ಕೆಂಪಗೆ ಮಾಡ್ಕೊಂಡೆ. ಮೇಲೆ ಕಿತ್ತಳೆ, ಒಂದು ಚಮಚ ಜೇನು.

ಅಮ್ಮ ಸೌದೆ ಒಲೆ ಪಕ್ಕ ಕೂತು ಮೊದಲ ತುತ್ತು ತಿಂದ್ರು. ಏನೂ ಹೇಳಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಇನ್ನೆರಡು ಕಿತ್ತಳೆ ಕಿತ್ತು ತಂದ್ರು.