ಬೆವರದೆ ಬದುಕುವ ಉಪಾಯ

ಕೇಳುಗರಿಗೆ ನಮಸ್ಕಾರ. ವಿಪರೀತ ಬಿಸಿಲಲ್ಲಿ, ವಿಪರೀತ ಚಳಿಯಲ್ಲಿ ಪ್ರಾಣಿಗಳು ಹೇಗೆ ಬದುಕುತ್ತವೆ ಎಂಬುದು ಇವತ್ತಿನ ವಿಷಯ. ಮೊದಲು ಒಂದು ಮಾತು ಇತ್ಯರ್ಥ ಮಾಡಿಬಿಡೋಣ. ಒಂಟೆಯ ಡುಬ್ಬದಲ್ಲಿ ನೀರಿಲ್ಲ. ಅಲ್ಲಿರುವುದು ಕೊಬ್ಬು. ಎಷ್ಟು ಸಲ ಹೇಳಿದರೂ ಮಕ್ಕಳು ಆ ನೀರಿನ ಕಥೆಯನ್ನೇ ಒಪ್ಪಿಸುತ್ತಾರೆ. ಹೇಳಿಕೊಟ್ಟವರು ದೊಡ್ಡವರೇ, ಇರಲಿ.

ಹಾಗಾದರೆ ಮರಳುಗಾಡಿನಲ್ಲಿ ಒಂಟೆ ಬದುಕುವುದು ಹೇಗೆ? ಉಳಿತಾಯದಿಂದ. ಅದು ಬಿಸಿಲಿನ ಜೊತೆ ಜಗಳಕ್ಕೆ ಇಳಿಯುವುದಿಲ್ಲ. ಖರ್ಚು ಕಡಿಮೆ ಮಾಡುತ್ತದೆ, ಅಷ್ಟೇ.

1950ರ ದಶಕದಲ್ಲಿ ಕ್ನುಟ್ ಶ್ಮಿಟ್-ನೀಲ್ಸನ್ ಎಂಬ ವಿಜ್ಞಾನಿ ಸಹಾರಾಕ್ಕೆ ಹೋಗಿ ಒಂಟೆಗಳ ಮೈಬಿಸಿ ಅಳೆದರು. ನಮಗೆ 37 ಡಿಗ್ರಿಯ ಮೇಲೆ ಎರಡು ಡಿಗ್ರಿ ಏರಿದರೆ ಜ್ವರ ಅಂತ ಮಲಗಿಬಿಡುತ್ತೇವೆ, ಅಲ್ವಾ? ನೀರು ಕುಡಿಯದ ಒಂಟೆಯ ಮೈ ಬೆಳಗಿನ ಜಾವ 34 ಡಿಗ್ರಿ ಇದ್ದರೆ, ಮಧ್ಯಾಹ್ನ 40 ಮುಟ್ಟುತ್ತಿತ್ತು. ಅದು ಜ್ವರವಲ್ಲ, ಬೆವರದೆ ಇರುವ ಉಪಾಯ. ಹಗಲಿನ ಕಾವನ್ನು ಮೈಯಲ್ಲೇ ಇಟ್ಟುಕೊಂಡು, ರಾತ್ರಿ ತಂಪಾದ ಮೇಲೆ ಹೊರಬಿಡುತ್ತದೆ. 500 ಕಿಲೋ ತೂಕದ ಒಂಟೆಗೆ ಇದರಿಂದ ದಿನಕ್ಕೆ ಸುಮಾರು 5 ಲೀಟರ್ ನೀರು ಉಳಿಯುತ್ತದೆ. ಮತ್ತೆ ಅದೇ ಮಾತು, ಉಳಿತಾಯ!

ಇನ್ನು ನನಗೆ ಬಹಳ ಇಷ್ಟವಾದ ಪ್ರಯೋಗ. ಅವರು ಒಂದು ಒಂಟೆಯ ಉಣ್ಣೆಯನ್ನು ಕತ್ತರಿಸಿಬಿಟ್ಟರು. ಪಾಪ, ಸೆಕೆ ಕಡಿಮೆಯಾಯಿತು ಅಂದುಕೊಳ್ಳುತ್ತೀರಿ. ಆಗಿದ್ದು ಉಲ್ಟಾ. ಅದು ಉಣ್ಣೆ ಇದ್ದ ಒಂಟೆಗಿಂತ ಒಂದೂವರೆ ಪಟ್ಟು ನೀರು ಕಳೆದುಕೊಂಡಿತು. ಬಿಸಿಲು ಚರ್ಮಕ್ಕೆ ತಾಗದಂತೆ ಉಣ್ಣೆ ತಡೆಯುತ್ತಿತ್ತು. ಬಿಸಿನಾಡಿನ ಪ್ರಾಣಿಗೆ ಉಣ್ಣೆ ಯಾಕೆ ಅಂತ ನಗುವವರಿಗೆ ಇದನ್ನು ಹೇಳಿ.

ಇಷ್ಟೆಲ್ಲ ಉಳಿಸಿದರೂ ಮೈಯ ನೀರು ಖಾಲಿಯಾಗುತ್ತಾ ಹೋಗುತ್ತದೆ. ಮೈತೂಕದ ಕಾಲುಭಾಗದಷ್ಟು ನೀರು ಹೋದರೂ ಒಂಟೆ ನಿಂತಿರುತ್ತದೆ. ಅಷ್ಟು ಹೋದರೆ ನಾವು ಬದುಕುವುದಿಲ್ಲ. ನೀರು ಸಿಕ್ಕಾಗ ಹತ್ತೇ ನಿಮಿಷದಲ್ಲಿ 100 ಲೀಟರ್ ಕುಡಿದುಬಿಡುತ್ತದೆ. ಅದರ ಕೆಂಪು ರಕ್ತಕಣಗಳು ಮೊಟ್ಟೆಯಾಕಾರದವು, ಒಮ್ಮೆಲೇ ಕುಡಿದ ನೀರನ್ನು ಹೀರಿ ಊದಿಕೊಂಡರೂ ಸುಲಭವಾಗಿ ಒಡೆಯುವುದಿಲ್ಲ.

ಅಯ್ಯೋ, ಒಂಟೆಯಲ್ಲೇ ಸಮಯ ಹೋಯಿತು. ಚಳಿಯದ್ದು ಬೇಗ ಹೇಳುತ್ತೇನೆ. ಉತ್ತರ ಅಮೆರಿಕದಲ್ಲೊಂದು ಕಾಡುಕಪ್ಪೆ ಇದೆ. ಚಳಿಗಾಲದಲ್ಲಿ ಅದರ ಮೈನೀರಿನ ಅರ್ಧಕ್ಕಿಂತ ಜಾಸ್ತಿ ಭಾಗ ಹೆಪ್ಪುಗಟ್ಟುತ್ತದೆ. ಉಸಿರಿಲ್ಲ, ಹೃದಯದ ಬಡಿತವೂ ಇಲ್ಲ. ಖರ್ಚೆಲ್ಲ ಬಂದ್! ಮೈ ಹೆಪ್ಪುಗಟ್ಟಲು ಶುರುವಾದ ಕೂಡಲೇ ಲಿವರ್ ರಕ್ತಕ್ಕೆ ಬೇಕಾದಷ್ಟು ಸಕ್ಕರೆ ಬಿಟ್ಟಿರುತ್ತದೆ. ಆ ಸಕ್ಕರೆಯಿಂದಾಗಿ ಜೀವಕೋಶಗಳ ಒಳಗೆ ಮಂಜು ಕಟ್ಟುವುದಿಲ್ಲ, ಹೊರಗೆ ಮಾತ್ರ ಕಟ್ಟುತ್ತದೆ. ಬೇಸಿಗೆ ಹತ್ತಿರವಾದಾಗ ಮೈ ಕರಗಿ, ಹೃದಯ ತಾನಾಗಿಯೇ ಬಡಿಯತೊಡಗುತ್ತದೆ.

ಅಂಟಾರ್ಕ್ಟಿಕಾದ ಹಿಮಮೀನಿನ ರಕ್ತ ಯಾಕೆ ಕೆಂಪಾಗಿಲ್ಲ ಅಂತಲೂ ಹೇಳಬೇಕಿತ್ತು. ಇನ್ನೊಮ್ಮೆ ಕರೆದರೆ ಅದರಿಂದಲೇ ಶುರು ಮಾಡುತ್ತೇನೆ. ನಮಸ್ಕಾರ.