ಟಪಾಲು ಮೇಜಿನಲ್ಲಿ ಮೊದಲ ದಿನ

ಎಲ್ಲರಿಗೂ ನಮಸ್ಕಾರ. ಈಗ ಕಾಣಿಸುತ್ತಿರುವುದು ಕಲಬುರಗಿಯ ಸ್ಟೇಷನ್ ರಸ್ತೆ. ಬೆಳಗ್ಗೆ ಏಳೂವರೆಯೂ ಆಗಿಲ್ಲ, ಆಗಲೇ ಜನ ಬುತ್ತಿ ಚೀಲ ಹಿಡಿದು ಆಫೀಸಿಗೆ ಹೊರಟಿದ್ದಾರೆ ನೋಡಿ. ಏಪ್ರಿಲ್, ಮೇ ಬಂತೆಂದರೆ ಇಲ್ಲಿನ ಸರ್ಕಾರಿ ಕಚೇರಿಗಳ ವೇಳೆಯೇ ಬದಲಾಗುತ್ತದೆ. ಬೆಳಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಮುಗಿಯಿತು. ಬಿಸಿಲು 40 ಡಿಗ್ರಿ ದಾಟುವ ಊರಲ್ಲಿ ಬೇರೆ ದಾರಿ ಏನಿದೆ ಹೇಳಿ?

ನಾನು ಬೀದರಿನವಳು. ಇಲ್ಲಿನ ಒಂದು ಸರ್ಕಾರಿ ಕಚೇರಿಯಲ್ಲಿ ಇವತ್ತು ನನ್ನ ಕೆಲಸದ ಮೊದಲ ದಿನ. ಅಲ್ಲೂ ಬಿಸಿಲಿದೆ, ಆದರೆ ಊರು ಎತ್ತರದಲ್ಲಿರುವುದರಿಂದ ಸಂಜೆಗೆ ಒಂದಿಷ್ಟು ಗಾಳಿ ಆಡುತ್ತದೆ. ಇಲ್ಲಿ ರಾತ್ರಿಯೂ ಗೋಡೆ ಮುಟ್ಟಿದರೆ ಬೆಚ್ಚಗೇ ಇರುತ್ತದೆ. ಹುಮನಾಬಾದ್, ಕಮಲಾಪುರದ ಮೇಲೆ ರೈಲು ಓಡಲು ಶುರುವಾದದ್ದು 2017ರಲ್ಲಿ. ಅದರಲ್ಲೇ ದಿನಾ ಹೋಗಿ ಬಂದು ಮಾಡೋಣ ಅಂತ ಮನೆಯಲ್ಲಿ ಹೇಳಿದ್ದರು. ಆದರೆ 8 ಗಂಟೆಗೆ ಕುರ್ಚಿಯಲ್ಲಿ ಇರಬೇಕಾದವರಿಗೆ ಅದು ಆಗುವ ಮಾತಲ್ಲ. ಹಾಗಾಗಿ ಇಲ್ಲೇ ಒಂದು ರೂಮು ಮಾಡಿದ್ದೇನೆ. ರೂಮಿಗೆ ಮೊದಲು ಬಂದ ಸಾಮಾನು ಕೂಲರ್. ಮಂಚ ಆಮೇಲೆ ಬಂತು.

ಈ ನೌಕರಿ ಸಿಕ್ಕಿದ್ದು 371ಜೆ ಮೀಸಲಾತಿಯಲ್ಲಿ. ಕಲ್ಯಾಣ ಕರ್ನಾಟಕದ ಹೊರಗಿನವರಿಗೆ ಇದು ಅಷ್ಟಾಗಿ ಗೊತ್ತಿರಲ್ಲ, ಅದಕ್ಕೇ ಒಂದೆರಡು ಮಾತು. ಸಂವಿಧಾನಕ್ಕೆ ಈ ವಿಧಿ ಸೇರಿದ ಮೇಲೆ, ನಮ್ಮ ಭಾಗದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಸಿ ಗುಂಪಿನ 80 ಪರ್ಸೆಂಟ್, ಡಿ ಗುಂಪಿನ 85 ಪರ್ಸೆಂಟ್ ಇಲ್ಲಿನವರಿಗೇ ಮೀಸಲು. ನಮ್ಮ ಅಪ್ಪನ ಕಾಲದಲ್ಲಿ ಓದಿದ ಹುಡುಗರು ಹೈದರಾಬಾದಿಗೋ ಪುಣೆಗೋ ಕೆಲಸ ಹುಡುಕಿ ಹೋಗುತ್ತಿದ್ದರು. ನಾನು ನಮ್ಮ ಭಾಗದಲ್ಲೇ, ನಮ್ಮ ಜನರ ಕಾಗದ ನೋಡುವ ಕೆಲಸಕ್ಕೆ ಬಂದಿದ್ದೇನೆ. ಇದರ ಬಗ್ಗೆ ನನಗೆ ತುಂಬಾ ಹೆಮ್ಮೆ ಇದೆ.

ಆಫೀಸಿನ ಒಳಗಿನ ದೃಶ್ಯ ಈ ವಿಡಿಯೋದಲ್ಲಿ ಇರುವುದಿಲ್ಲ. ಮೇಜಿನ ಮೇಲೆ ಬೀಳುವ ಪ್ರತಿ ಅರ್ಜಿಯಲ್ಲೂ ಯಾರದ್ದೋ ಹೆಸರು, ಸರ್ವೆ ನಂಬರ್, ಆಧಾರ್ ನಂಬರ್ ಇರುತ್ತದೆ. ಅದನ್ನು ತೋರಿಸುವ ಹಕ್ಕು ನನಗಿಲ್ಲ. ಯಾವ ಕಚೇರಿ ಅಂತಲೂ ಹೇಳುವುದಿಲ್ಲ. ನೀವು ರಸ್ತೆ ನೋಡುತ್ತಾ, ಒಳಗೆ ಏನಾಯಿತು ಅಂತ ಕೇಳಿ.

ಮೊದಲ ಕೆಲಸ, ಹಾಜರಾದ ವರದಿ ಬರೆಯುವುದು. ಕೆಲಸಕ್ಕೆ ಸೇರುವವರು ಇದೊಂದು ನೆನಪಿಡಿ: ತಾರೀಖಿನ ಪಕ್ಕದಲ್ಲಿ 'ಪೂರ್ವಾಹ್ನ' ಅಂತ ಬರೆದರೆ ಆ ದಿನದ ಸಂಬಳವೂ ಲೆಕ್ಕಕ್ಕೆ ಬರುತ್ತದೆ, ಸೇವೆಯೂ ಅಂದಿನಿಂದಲೇ ಶುರು. ಮಧ್ಯಾಹ್ನ ಹೋಗಿ 'ಅಪರಾಹ್ನ' ಅಂತ ಬರೆದರೆ ಮರುದಿನದಿಂದ. ಜೊತೆಗೆ ನೇಮಕಾತಿ ಆದೇಶ, ವೈದ್ಯಕೀಯ ಪ್ರಮಾಣ ಪತ್ರ, ಅಂಕಪಟ್ಟಿಗಳ ಮೂಲ ಪ್ರತಿ ಎಲ್ಲಾ ಕೊಟ್ಟೆ. ಸೇವಾ ಪುಸ್ತಕ ತೆರೆದರು. ಮೊದಲ ಪುಟದಲ್ಲಿ ಫೋಟೋ, ಎತ್ತರ, ಮೈಮೇಲಿನ ಗುರುತು. ಇನ್ನು ನಿವೃತ್ತಿಯಾಗುವ ತನಕ ಪ್ರತಿ ಇನ್‌ಕ್ರಿಮೆಂಟು, ಪ್ರತಿ ವರ್ಗಾವಣೆ, ಪ್ರತಿ ರಜೆ ಅದರಲ್ಲೇ ಏರಬೇಕು.

ನಮ್ಮ ಸೂಪರಿಂಟೆಂಡೆಂಟ್ ಮೇಡಂ ಸೇಡಂ ಕಡೆಯವರು. ಕಡತ ಕೊಡುತ್ತಾರೆ ಅಂತ ನಾನು ಕಾಯುತ್ತಿದ್ದೆ. ಅವರು ಹೊರಗಿನಿಂದ ಬರುವ ಕಾಗದ ತೆಗೆದುಕೊಳ್ಳುವ ಟಪಾಲು ಮೇಜು ತೋರಿಸಿದರು. "ಮೊದಲ ಟಪಾಲ್ ಕಲೀರಿ. ಯಾವ ಕಾಗದ ಎಲ್ಲಿಂದ ಬರ್ತದ, ಯಾರ ಟೇಬಲ್‌ಗಿ ಹೋಗ್ತದ ತಿಳೀತಂದ್ರ ಅರ್ಧ ಆಫೀಸ್ ತಿಳಿದಂಗ" ಅಂದರು.

ಟಪಾಲು ಮೇಜಿನ ಮೇಲೆ ಇರುವುದು ಕೆಲವೇ ವಸ್ತು. ಬಂದ ಕಾಗದ ಬರೆದಿಡುವ ಆವಕ ರಿಜಿಸ್ಟರ್, ಸ್ಕ್ಯಾನರ್, ಕಂಪ್ಯೂಟರ್, ಇಂಕ್ ಪ್ಯಾಡ್, ತಾರೀಖಿನ ಸೀಲು. ಈ ಸೀಲಿನ ಬಗ್ಗೆ ಹೇಳಲೇಬೇಕು. ದಿನಕ್ಕೆ, ತಿಂಗಳಿಗೆ, ವರ್ಷಕ್ಕೆ ಅಂತ ಬೇರೆ ಬೇರೆ ರಬ್ಬರ್ ಪಟ್ಟಿಗಳು. ಪಕ್ಕದ ಪುಟ್ಟ ಚಕ್ರವನ್ನು ಉಗುರಿನಿಂದ ತಿರುಗಿಸಿ ತಾರೀಖು ಕೂಡಿಸಬೇಕು. ಈ ಬಿಸಿಲಿಗೆ ಪ್ಯಾಡು ಗಂಟೆಗೊಮ್ಮೆ ಒಣಗುತ್ತದೆ. ನಮ್ಮ ಅಟೆಂಡರ್ ಕಾಕಾ ಅದಕ್ಕೆ ಎರಡು ಹನಿ ಇಂಕು ಬಿಟ್ಟು, ಬೆರಳಿನಿಂದ ಹರಡಿ, ಮುಚ್ಚಳ ಹಾಕಿಡುತ್ತಾರೆ. ಸೀಲು ಒತ್ತಬೇಕು, ನಂಬರ್ ಬರೆಯಬೇಕು. ಯಾರಿಂದ ಬಂತು, ವಿಷಯ ಏನು, ಯಾವ ವಿಭಾಗಕ್ಕೆ ಅಂತ ಏರಿಸಬೇಕು. ಆಮೇಲೆ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲೇ ಕಡತ ನಡೆಸುವ ಇ-ಆಫೀಸಿಗೆ ಹಾಕಬೇಕು.

ಹನ್ನೊಂದರ ಸುಮಾರಿಗೆ ಒಬ್ಬ ಮುತ್ಯಾ, ಅಂದರೆ ಅಜ್ಜ, ಬಂದರು. ಬಿಳಿ ಧೋತರ, ತಲೆಗೆ ಟವೆಲು. ಕೈಯಲ್ಲಿ ರಸಗೊಬ್ಬರದ ಚೀಲದಿಂದ ಹೊಲಿದ ಕೈಚೀಲ. ಒಳಗೆ ಪ್ಲಾಸ್ಟಿಕ್ ಕವರು, ಅದರೊಳಗೆ ಕಾಗದಗಳು. ಎಲ್ಲಕ್ಕಿಂತ ಕೆಳಗೆ 1954-55ರ ಖಾಸ್ರಾ ಪಹಣಿಯ, ಅಂದರೆ ಆ ಕಾಲದ ಹೊಲದ ದಾಖಲೆಯ ನಕಲು. ನಮ್ಮ ಭಾಗ ಆಗಿನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು, ಮೈಸೂರಿಗೆ ಸೇರಿದ್ದು 1956ರಲ್ಲಿ. ಹೊಲದ ತಕರಾರು ಬಂದರೆ ಇವತ್ತಿಗೂ ಆ ಹಳೇ ಪಹಣಿಯನ್ನೇ ಹುಡುಕಿಕೊಂಡು ಹೋಗುತ್ತಾರೆ.

ಅವರ ಮನವಿ ತಗೊಂಡು ಸೀಲು ಒತ್ತಿದೆ. ಅವರು ಹೋಗಲಿಲ್ಲ. ಇನ್ನೊಂದು ಪ್ರತಿ ತೆಗೆದು ಮುಂದಿಟ್ಟರು.

"ಇದಕೂ ಸಿಕ್ಕಾ ಹೊಡೀರಿ ತಂಗಿ. ನಂಬರ್ ಜರಾ ದೊಡ್ಡದು ಬರೀರಿ. ಹಿಂದ ಒಂದು ಆಫೀಸಿನ್ಯಾಗ ಕೊಟ್ಟಿದ್ದೆ, ನಿಮ್ಮ ಕಾಗದ ಬಂದೇ ಇಲ್ಲ ಅಂದ್ರು."

ಬರೆದೆ. ಅವರು ಆ ನಂಬರನ್ನು ಒಂದೊಂದೇ ಅಂಕಿ ಓದಿ, ಇಂಕು ಆರುವ ತನಕ ಕಾಗದವನ್ನು ಗಾಳಿಗೆ ಹಿಡಿದು, ಆಮೇಲೆ ಮಡಚಿ ಕವರಿಗೆ ಹಾಕಿಕೊಂಡರು. ಆಳಂದ ತಾಲ್ಲೂಕಿನಿಂದ ಎರಡು ಬಸ್ಸು ಬದಲಿಸಿ ಬಂದವರು. ಬೆಳಗಿನ ಕೂಲಿ ಬಿಟ್ಟು ಬಂದದ್ದಕ್ಕೆ ಅವರ ಕೈಯಲ್ಲಿ ಉಳಿದಿದ್ದು ಆ ಒಂದು ನಂಬರ್. ಅದನ್ನು ಗೀಚಿ ಕೊಟ್ಟರೆ ಹೇಗೆ? ಕಂಪ್ಯೂಟರ್ ಎಷ್ಟೇ ಬರಲಿ, ಅರ್ಜಿ ಕೊಟ್ಟವರಿಗೆ ಸ್ವೀಕೃತಿ ಸ್ಪಷ್ಟವಾಗಿ ಕೊಡುವುದು ಈ ಮೇಜಿನ ದೊಡ್ಡ ಕೆಲಸ ಅಂತ ನನಗೆ ಅನಿಸಿದ್ದು ಅಲ್ಲೇ.

ನೋಡುತ್ತಿರುವ ನೀವೂ ದಯವಿಟ್ಟು ಇದನ್ನು ಮಾಡಿ. ಯಾವ ಕಚೇರಿಗೆ ಹೋದರೂ ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಯ ಮೇಲೆ ಸೀಲು, ನಂಬರ್, ತಾರೀಖು ಹಾಕಿಸಿಕೊಳ್ಳಿ. ಸುಮ್ನೆ ಕೊಟ್ಟು ಬರಬೇಡಿ. ಸಕಾಲ ಅಂದರೆ ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕು ಎನ್ನುವ ವ್ಯವಸ್ಥೆ. ಅದರ ಪಟ್ಟಿಯಲ್ಲಿರುವ ಸೇವೆಯಾದರೆ ಜಿಎಸ್‌ಸಿ ನಂಬರ್, ಅಂದರೆ ನಿಮ್ಮ ಅರ್ಜಿಯ ಸಕಾಲ ನಂಬರ್ ಇರುವ ಸ್ವೀಕೃತಿ ಕೇಳಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ ಕೇಳಲು 2011ರ ಸಕಾಲ ಕಾಯ್ದೆಯಲ್ಲೇ ಅವಕಾಶ ಇದೆ. ಹಣ ಸಣ್ಣದು ನಿಜ, ಆದರೆ ಗಡುವು ಅಂತ ಒಂದು ಇದೆ ಎನ್ನುವುದು ಸಣ್ಣ ವಿಷಯ ಅಲ್ಲ.

ಆಮೇಲೆ ಒಬ್ಬ ಅಮ್ಮ ಬಂದರು, ದಖ್ಖನಿ ಉರ್ದು ಬಿಟ್ಟು ಬೇರೆ ಬಾರದು. ಬೀದರಿನಲ್ಲಿ ಬೆಳೆದವಳಿಗೆ ಅದೇನೂ ಹೊಸದಲ್ಲ. ಅವರ ಮಾತಲ್ಲೇ ಮಾತಾಡಿಸಿದೆ, ಮುಖ ಅರಳಿತು. ಪಕ್ಕದ ಮೇಜಿನಲ್ಲಿ ಕಡತ ನೋಡುವ ಕೇಸ್ ವರ್ಕರ್ ಅಕ್ಕ ಮರಾಠಿಯಲ್ಲೂ ಅಷ್ಟೇ ಸಲೀಸು. ಗಡಿ ಊರುಗಳಿಂದ ಬಂದವರನ್ನು ಎಲ್ಲರೂ ಅವರ ಹತ್ತಿರವೇ ಕಳಿಸುತ್ತಾರೆ.

ಒಂದೂವರೆಗೆ ಹೊರಗೆ ಬಂದೆವು. ಈಗ ಕಾಣುತ್ತಿದೆಯಲ್ಲ, ಅದೇ ರಸ್ತೆ, ಈಗ ನಾಯಿಯೂ ಓಡಾಡುತ್ತಿಲ್ಲ. ಅಕ್ಕ ಖಾನಾವಳಿಗೆ ಕರೆದುಕೊಂಡು ಹೋದರು. "ಇವತ್ತ ನಮ್ಮ ಕಡಿಂದ ಊಟ, ಬ್ಯಾಡ ಅನ್ನಬ್ಯಾಡ್ರಿ." ಖಡಕ್ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು. ಬೇಳೆಯಂತೂ ಕೇಳಲೇಬೇಡಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ, ಅಂದರೆ ಈ ನೆಲದ ವಿಶೇಷ ಬೆಳೆ ಎನ್ನುವ ಮಾನ್ಯತೆ ಸಿಕ್ಕಿದೆ. ಇಲ್ಲಿನ ಬೇಳೆಯ ಘಮ ಬಟ್ಟಲು ಮುಂದೆ ಬಂದಾಗಲೇ ಗೊತ್ತಾಗುತ್ತದೆ.

ಉಣ್ಣುತ್ತಲೇ ಅಕ್ಕ ಟಿಪ್ಪಣಿ ಹಾಳೆ ಬರೆಯುವ ಕ್ರಮ ಹೇಳಿಕೊಟ್ಟರು. ಹಿಂದಿನ ಕಾಗದಗಳ ಸಾರ ಮೊದಲು, ನಿಯಮ ಆಮೇಲೆ, ಕೊನೆಗೆ 'ಆದೇಶಕ್ಕಾಗಿ ಮಂಡಿಸಿದೆ'. ನಾಳೆ ಹೊರಗೆ ಹೋಗುವ ಕಾಗದಗಳ ಜಾವಕ ರಿಜಿಸ್ಟರ್ ಕಲಿಸುತ್ತಾರಂತೆ. ಮುತ್ಯಾನ ಕಾಗದ ಯಾವ ವಿಭಾಗಕ್ಕೆ, ಯಾರ ಮೇಜಿಗೆ ಹೋಯಿತು ಅಂತ ನನ್ನ ಡೈರಿಯಲ್ಲೂ ಬರೆದಿಟ್ಟುಕೊಂಡಿದ್ದೇನೆ. ಮುಂದಿನ ವಾರ ಬರುತ್ತೇನೆ ಅಂದಿದ್ದಾರೆ, ಬಂದ ತಕ್ಷಣ ಹೇಳಬೇಕಲ್ವಾ.